ಪ್ರಶ್ನೆ ಕೇಳಿದವರಿಗಷ್ಟೇ ಹಾಜರಿ

ನಾನು ಒಂದು ಪೋಡಿಯಂ. ಭಾಷಣದ ಹಾಳೆ ಇಟ್ಟುಕೊಳ್ಳುವ ಎದೆಯೆತ್ತರದ ಸಾಗವಾನಿ ಪೆಟ್ಟಿಗೆ ಎಂದು ಕೆಲವರು ಅನ್ನುತ್ತಾರೆ, ಅದು ಹೊಟ್ಟೆಕಿಚ್ಚು. ದಾಂಡೇಲಿ ಕಾಡಿನಲ್ಲಿ ಮರವಾಗಿದ್ದಾಗ ಸೂರ್ಯ ನನ್ನನ್ನು ಕೇಳಿಯೇ ಮುಳುಗುತ್ತಿದ್ದ. ಕಡಿಯುವಾಗ ಹನ್ನೆರಡು ಗರಗಸಗಳ ಹಲ್ಲು ಉದುರಿದವು. ಕೊಪ್ಪಳದ ಕಡೆಯ ಒಂದು ಕಾಲೇಜಿನ ಸಭಾಂಗಣಕ್ಕೆ ನಾನು ಕಾಲಿಟ್ಟಾಗ ಗೋಡೆಗಳೇ ಎರಡು ಹೆಜ್ಜೆ ಹಿಂದೆ ಸರಿದವು.

ಅಲ್ಲಿ ನನ್ನ ಮೊದಲ ಒಡೆಯರು ರಾಜ್ಯಶಾಸ್ತ್ರದ ಚನ್ನಮಲ್ಲಪ್ಪ ಮಾಸ್ತರು. ಶನಿವಾರ ಅವರು ಕೆಳಗೆ ಬೆಂಚಿನಲ್ಲಿ ಕೂರುತ್ತಿದ್ದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ನನ್ನ ಹಿಂದೆ ನಿಂತು ಪ್ರಶ್ನೆ ಕೇಳಬೇಕಿತ್ತು.

"ಪ್ರಶ್ನಿ ಇಲ್ಲಂದ್ರ ಹಾಜರಿ ಇಲ್ಲ. ನಾಳೆ ಊರ ಸಭಾದಾಗ ಯಾರ್ ಕೇಳ್ತಾರಲೇ, ನಿಮ್ಮಜ್ಜ ಕೇಳ್ತಾನ?"

ಆಗ ನಡುಗಿದ ಮೊಣಕಾಲುಗಳನ್ನೆಲ್ಲ ನಾನೇ ಮರೆಮಾಡಿದೆ. ಹತ್ತು ಲಕ್ಷ ಜೊತೆಯಾದರೂ ಇದ್ದೀತು.

ಮಾಸ್ತರು ನಿವೃತ್ತರಾದರು. ಹೊಸ ಪ್ರಾಂಶುಪಾಲರು ಬಂದವರೇ ನನ್ನ ಮೈಗೆ ಪ್ಲಾಸ್ಟಿಕ್ ಹೂ ಸುತ್ತಿಸಿ, ರಾಜ್ಯಶಾಸ್ತ್ರ ವಿಭಾಗವನ್ನು ಮುಚ್ಚಲು ಪತ್ರ ಬರೆದರು. ಥೂ!

ಸಂವಿಧಾನ ದಿನ ಬಂತು. ಕಂಠ ಚೆನ್ನಾಗಿದೆಯೆಂದು ಪೀಠಿಕೆ ಓದಲು ಅದೇ ವಿಭಾಗದ ಎರಡನೇ ವರ್ಷದ ಹುಲಿಗೆಮ್ಮನನ್ನು ಕರೆದರು. ಓದಿದಳು. ಇಳಿಯಲಿಲ್ಲ.

"ಸರ, ಒಂದ್ ಪ್ರಶ್ನಿ. ನಮ್ಮ ವಿಭಾಗ ಯಾಕ್ ಮುಚ್ಚಾಕತ್ತೀರಿ? ನನ್ನ ಓದು ಅರ್ಧಕ್ಕ ನಿಲ್ಲತೈತ್ರಿ."

"ಅದನ್ನ ಓದಿದ್ರ ನೌಕರಿ ಸಿಗಂಗಿಲ್ಲಮ್ಮ. ಇಳಿ."

"ಓಟ್ ಹಾಕಿದ್ರೂ ನೌಕರಿ ಸಿಗಂಗಿಲ್ರಿ. ಅದನ್ನೂ ಮುಚ್ಚೂಣೇನ್ರಿ?"

ಮೈಕ್ ಸತ್ತಿತು. ಎದುರಿಗೆ ಐನೂರು ತಲೆ. ಬಿಸ್ಕತ್ತಿನ ಬುಟ್ಟಿ ಬರುವ ಬಾಗಿಲನ್ನೇ ನೋಡುತ್ತಿದ್ದವು. ಬುಡಕ್ಕೆ ಗೆದ್ದಲು ಹತ್ತಿದಾಗಲೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ.

ಅಂದು ಅವಳಿಗೆ ಗೈರುಹಾಜರಿ ಬರೆದರು. ವರ್ಷದ ಕೊನೆಗೆ ವಿಭಾಗ ಮುಚ್ಚಿತು. ನನ್ನನ್ನು ಸೈಕಲ್ ಸ್ಟ್ಯಾಂಡಿನ ಮೂಲೆಗೆ ಎಸೆದು ಗಾಜಿನ ಪೋಡಿಯಂ ತಂದರು. ಅದರಲ್ಲಿ ಮೊಣಕಾಲು ಕಾಣುತ್ತದೆ. ನಡುಗುವವರು ಹತ್ತಿರ ಸುಳಿಯುವುದಿಲ್ಲ. ನಡುಗದವರಿಗೆ ಕೇಳುವುದೇನೂ ಇಲ್ಲ.

ಟಿ.ಸಿ. ಒಯ್ಯಲು ಬಂದ ಹುಲಿಗೆಮ್ಮ ನನ್ನನ್ನು ಕಂಡು ಧೂಳು ಒರೆಸಿದಳು. ಹಿಂದೆ ನಿಂತು, ಸೈಕಲ್‌ಗಳ ಸಾಲಿಗೆ ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದಳು. ಏಳು ಸಮುದ್ರ ಉಕ್ಕಿದವು ಎನ್ನುತ್ತಿದ್ದೆ. ಇಲ್ಲ, ಇಲ್ಲಿ ಬುರುಡೆ ಬೇಡ. ಅವಳ ಮೊಣಕಾಲು ನಡುಗಿ ನನಗೆ ತಾಗುತ್ತಿತ್ತು, ಅಷ್ಟೇ.

ಮಾಸ್ತರ ಹಾಜರಿ ಪುಸ್ತಕ ಹೊತ್ತು ಮುದುಕನಾದ ಜವಾನ ಫಕೀರಸಾಬ ಅಲ್ಲೇ ಕಸ ಗುಡಿಸುತ್ತಿದ್ದ. ಪೊರಕೆ ಗೋಡೆಗೆ ಒರಗಿಸಿದ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ನನ್ನ ಎದೆಯ ಮೇಲೆ ಒಂದು ಗೆರೆ ಎಳೆದ.

"ಹಾಜರಿ ಬಿತ್ತವ್ವಾ."

ಗೆದ್ದಲು ಈಗ ಕಾಲು ತಿನ್ನುತ್ತಿದೆ. ತಿನ್ನಲಿ. ಆ ಗೆರೆ ಮುಟ್ಟಲು ಅದಕ್ಕಿನ್ನೂ ಸಾವಿರ ವರ್ಷ ಬೇಕು.