ಎಷ್ಟು ಮಂದಿ ಸಾಕು

“ಲೇ ಈರಮ್ಮ, ನಿನ್ ಕೈಗೇನು ಲಕ್ವ ಹೊಡದೈತೇನು? ನಿನ್ನೌನ್, ಆಕೀನ್ ನೋಡಿ ಕಲಿ.”

ಮೇಸ್ತ್ರಿ ಜಂಬುನಾಥ ಬೆರಳು ತೋರಿಸಿದ್ದು ವಿರೂಪಮ್ಮನ ಕಡೆಗೆ. ಬಳ್ಳಾರಿಯ ಹೊರಗೆ, ಕೊಳಗಲ್ಲು ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂಬತ್ತು ಹೆಂಗಸರು ಕಸದ ರಾಶಿಗಳ ಮುಂದೆ ಕೂತಿದ್ದರು. ಕಲ್ಯಾಣ ಮಂಟಪಗಳಿಂದ ಬಂದ ಎಂಜಲು, ಸಿಪ್ಪೆಯೆಲ್ಲ ಗೊಬ್ಬರದ ಬಕೆಟ್ಟಿಗೆ, ಪ್ಲಾಸ್ಟಿಕ್ಕು ಚೀಲಕ್ಕೆ. ಯಾರೂ ಮುಟ್ಟದ ಬಾಳೆಹಣ್ಣು, ಲಾಡು ಮಾತ್ರ ಹಾಸ್ಟೆಲ್ಲಿಗೆ ಹೋಗುವ ನೀಲಿ ಕ್ರೇಟಿಗೆ. ಹಸಿಕಸಕ್ಕೆ ಹೊಸ ನಿಯಮ ಬಂದಿತ್ತು. ಮುಂದಿನ ವರ್ಷ ಈ ಕೆಲಸಕ್ಕೆ ಎಷ್ಟು ಮಂದಿ ಬೇಕೆಂದು ಯೋಜನೆ ಬರೆಯಲು ಒಬ್ಬ ಸಾಹೇಬ ಬಂದಿದ್ದ. ಎಲ್ಲರ ಮುಂದೆ ಒಂದೇ ಅಳತೆಯ ರಾಶಿ ಹಾಕಿಸಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಮೊಬೈಲಿನಲ್ಲಿ ಹೊತ್ತು ಅಳೆಯುತ್ತಿದ್ದ.

ವಿರೂಪಮ್ಮ ಎಲ್ಲರಿಗಿಂತ ಮೊದಲು ಮುಗಿಸಿದಳು. ಸಾಹೇಬ ಅವಳ ಫೋಟೋ ತೆಗೆದ. ಜಂಬುನಾಥ ಅವಳಿಗೆ ಹೊಸ ಕೈಗವಸು ಕೊಟ್ಟ.

ಅದನ್ನು ಕಂಡು ಈರಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಹನ್ನೊಂದು ವರ್ಷದಿಂದ ಅವಳು ಬರಿಗೈಯಲ್ಲೇ ಊರಿನ ಎಂಜಲು ಬಳಿಯುತ್ತಿದ್ದಳು. ವಿರೂಪಮ್ಮ ಕುರುಗೋಡಿನಿಂದ ಬಸ್ಸಿಗೆ ಬರಲು ಶುರುಮಾಡಿ ಎಂಟು ತಿಂಗಳಾಗಿತ್ತು ಅಷ್ಟೇ. ಅವಳ ಬೆನ್ನು ಇನ್ನೂ ನೆಟ್ಟಗಿತ್ತು. ಅವಳೊಬ್ಬಳಿಗೇ ಜಂಬುನಾಥ ‘ಬರ್ರಿ’ ಅನ್ನುತ್ತಿದ್ದ. ಊಟಕ್ಕೆ ಕೂತಾಗ ಅವಳು ಚಟ್ನಿಪುಡಿ ನೀಡಲು ಬಂದರೆ ಈರಮ್ಮ ಬುತ್ತಿ ಮುಚ್ಚಿಕೊಂಡಳು.

ಮರುದಿನ ಮತ್ತೆ ಅಳತೆ. ಈರಮ್ಮ ಸೆರಗು ಬಿಗಿದು ರಾಶಿಗೆ ಬಿದ್ದಳು. ಒಡೆದ ಗಾಜು ಬೆರಳು ಸೀಳಿತು. ಚಿಂದಿ ಸುತ್ತಿಕೊಂಡಳೇ ಹೊರತು ತಲೆ ಎತ್ತಲಿಲ್ಲ. ವಿರೂಪಮ್ಮನ ಮುಂದೆ ಇನ್ನೊಂದು ಬೊಗಸೆ ಉಳಿದಿರುವಾಗಲೇ ಇವಳ ನೆಲ ಬರಿದಾಯಿತು. ಸಾಹೇಬ ‘ಭೇಷ್’ ಎಂದ. ಆ ಶೆಡ್ಡಿನಲ್ಲಿ ಯಾರೂ ಅವಳಿಗೆ ಹಾಗೆಂದಿರಲಿಲ್ಲ. ವಿರೂಪಮ್ಮನ ಮುಖ ಸಪ್ಪಗಾದದ್ದು ನೋಡಿ ಈರಮ್ಮನಿಗೆ ಹೊಟ್ಟೆತುಂಬ ಉಂಡಷ್ಟು ಹಿತವಾಯಿತು.

ಸಂಜೆ ಜಂಬುನಾಥ ಎಲ್ಲರನ್ನೂ ನಿಲ್ಲಿಸಿ ಹೇಳಿದ: ಈ ವೇಗಕ್ಕೆ ಒಂಬತ್ತು ಮಂದಿ ದಂಡ, ಐದು ಮಂದಿ ಸಾಕು. ನಾಳೆ ಮೇಲಿನವರ ಎದುರು ಇನ್ನೊಮ್ಮೆ ಅಳೆದು ಅದನ್ನೇ ಯೋಜನೆಯಲ್ಲಿ ಬರೆಯುತ್ತಾರೆ. ಈರಮ್ಮ, ವಿರೂಪಮ್ಮ ಉಳಿಯುತ್ತಾರೆ. ಮಂಜಮ್ಮನೂ ಇನ್ನು ಮೂವರೂ ಬೇರೆ ಕೆಲಸ ನೋಡಿಕೊಳ್ಳಬೇಕು.

ಮಂಜಮ್ಮನಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಹನ್ನೊಂದು ವರ್ಷವೂ ಅವಳು ಈರಮ್ಮನ ಪಕ್ಕದಲ್ಲೇ ಕಾಲು ಚಾಚಿ ಕೂತವಳು. ತನ್ನ ಜಾಗ ಗುಡಿಸುತ್ತ, “ನೀನ ಗೆದ್ದಿ ಬಿಡವಾ. ನಿನ್ನಂಥ ಕೈ ನನಗಿಲ್ಲ,” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚಿತ್ತು. ಆ ಕಿಚ್ಚು ಈರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೆಯ ದಿನ ಮೂವರು ಅಧಿಕಾರಿಗಳು ಕುರ್ಚಿ ಹಾಕಿಸಿಕೊಂಡು ಕೂತರು. ಸಾಹೇಬ ಮೊಬೈಲು ಒತ್ತಿದ. ಈರಮ್ಮ ಒಂದು ಸೌತೆಸಿಪ್ಪೆ ಎತ್ತಿ, ತಿರುಗಿಸಿ ನೋಡಿ, ಬಕೆಟ್ಟಿಗೆ ಹಾಕಿದಳು. ಆಮೇಲೆ ಒಂದು ಅಗುಳು. ಆಮೇಲೆ ಇನ್ನೊಂದು ಅಗುಳು.

ಜಂಬುನಾಥ ಬಗ್ಗಿ ಹಲ್ಲು ಕಡಿದ. “ಏನ್ ನಾಟಕಲೇ ಬೋಸುಡಿ? ಸಾಹೇಬ್ರು ನೋಡಾಕತ್ಯಾರ.”

“ನೋಡ್ಲಿ ಬಿಡ್ರಿ,” ಎಂದಳು ಈರಮ್ಮ. “ಈ ಕಸಕ್ಕ ಒಂಬತ್ತು ಮಂದಿ ಬೇಕು. ಹಂಗಂತ ಬರಕೊಳ್ಳಾಕ ಹೇಳ್ರಿ.”

ಸರಸರ ಓಡುತ್ತಿದ್ದ ವಿರೂಪಮ್ಮನ ಕೈ ನಿಂತಿತು. ಅವಳು ಈರಮ್ಮನನ್ನೂ, ಮಂಜಮ್ಮನ ಚಾಚಿದ ಕಾಲನ್ನೂ ನೋಡಿದಳು. ಆಮೇಲೆ ಎಂಜಲಿನಿಂದ ಒಂದೇ ಒಂದು ಸಾಸಿವೆ ಕಾಳು ಹೆಕ್ಕಿದಳು. ಉಳಿದವರ ಕೈಗಳೂ ಒಂದೊಂದಾಗಿ ನಿಧಾನವಾದವು. ಮೊಬೈಲು ಓಡುತ್ತಲೇ ಇತ್ತು. ಒಬ್ಬ ಅಧಿಕಾರಿ ಕುರ್ಚಿ ಬಿಟ್ಟು ಎದ್ದ.

ಈರಮ್ಮ ಓರೆಗಣ್ಣಿನಲ್ಲಿ ನೋಡಿದಳು. ವಿರೂಪಮ್ಮನ ರಾಶಿ ತನ್ನದಕ್ಕಿಂತ ತುಸು ದೊಡ್ಡದಿತ್ತು. ನಿಧಾನದಲ್ಲೂ ಅವಳೇ ಮುಂದೆ. ಬಕೆಟ್ಟಿಗೆ ಕೈಹಾಕಿ, ಎರಡು ಹಿಡಿ ಕಸ ತೆಗೆದು, ಮತ್ತೆ ತನ್ನ ರಾಶಿಗೇ ಸುರಿದುಕೊಂಡಳು.