ಇಬ್ಬನಿ ಇಲ್ಲದ ಬಾನೆಟ್ಟು

ಬೆಳಿಗ್ಗೆ ಕಾಂತರಾಜು ಗಾಡಿ ಸ್ಟಾರ್ಟ್ ಮಾಡಿದನೆಂದರೆ ಹೇರೋಹಳ್ಳಿಯ ಆ ಗಲ್ಲಿಯಲ್ಲಿ ಎದುರು ಮನೆ ಕಾಣುತ್ತಿರಲಿಲ್ಲ. ಹೊಗೆ ಅಂದರೆ ಅಂಥಾ ಹೊಗೆ. ಎರಡು ಮೂರು ನಿಮಿಷ ಬುಸಬುಸನೆ ಬಂದು, ಎಂಜಿನ್ ಕಾದ ಮೇಲೆ ತಾನಾಗಿಯೇ ನಿಂತುಬಿಡುತ್ತಿತ್ತು. ಎದುರು ಮನೆಯ ಅನಂತಲಕ್ಷ್ಮಿ ಟೀಚರು ಉಬ್ಬಸದವರು. ಗಾಳಿಯಾಡದಿದ್ದರೆ ಉಸಿರು ಕಟ್ಟುತ್ತದೆಂದು ಚಳಿಯಲ್ಲೂ ಕಿಟಕಿ ತೆಗೆದೇ ಮಲಗುವವರು. ಆದರೂ ಒಂದು ದಿನವೂ ಜಗಳಕ್ಕೆ ಬರಲಿಲ್ಲ.

"ನೀವು ಆರು ಗಂಟೆಗೆ ತಾನೇ ಗಾಡಿ ತೆಗೆಯೋದು? ನಾನು ಐದೂಮುಕ್ಕಾಲಿಗೇ ಕಿಟಕಿ ಹಾಕ್ಕೋತೀನಿ ಬಿಡಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಅವನದು ಹಳೇ ಡೀಸೆಲ್ ಟೆಂಪೋ. ಗೋವಿಂದರಾಜನಗರದ ಬಾಡಿಗೆದಾರರು ಮನೆ ಬದಲಾಯಿಸುವಾಗ ಸಾಮಾನು ಸಾಗಿಸುವುದು ಕಸುಬು. ದಿನವೆಲ್ಲಾ ಯಾರದೋ ಮಂಚ, ಯಾರದೋ ತೊಟ್ಟಿಲು ಏರಿಸಿ ಇಳಿಸಿ ಬಂದರೆ ಮನೆಯಲ್ಲಿ ಮಾತಿಗೆ ಜನವಿಲ್ಲ. ಮಕ್ಕಳಾಗಲಿಲ್ಲ, ಹೆಂಡತಿ ಸೀತಾ ತೀರಿಕೊಂಡು ಎರಡು ವರ್ಷ. ಅವಳಿದ್ದಾಗ ಎಂಜಿನ್ ಕಾಯುವಷ್ಟರಲ್ಲಿ ಕಾಫಿ ತಂದು ಬಾನೆಟ್ ಮೇಲಿಟ್ಟು, "ತಗೊಳ್ರೀ, ಇಬ್ಬರಿಗೂ ಬಿಸಿಯಾಗ್ಲಿ" ಎನ್ನುತ್ತಿದ್ದಳು.

ಗಾಡಿಯನ್ನು ಬ್ಯಾಡರಹಳ್ಳಿಯಲ್ಲಿರುವ ಕೆಂಚಪ್ಪನ ಗ್ಯಾರೇಜಿಗೆ ಒಯ್ದ. ಅಲ್ಲಿ ಎಷ್ಟು ಸಲ ಸ್ಟಾರ್ಟ್ ಮಾಡಿದರೂ ಒಂದೆಳೆ ಹೊಗೆ ಬರಲಿಲ್ಲ.

"ಜ್ವರ ಇಳಿದ್ಮೇಲೆ ಡಾಕ್ಟ್ರ ಹತ್ರ ಬಂದಿದ್ದೀಯ ಕಣಯ್ಯಾ" ಎಂದು ಕೆಂಚಪ್ಪ ನಕ್ಕ. "ಓಡಿಸ್ಕೊಂಡು ಬಂದ ಎಂಜಿನ್ನಲ್ಲಿ ಈ ರೋಗ ಕಾಣಲ್ಲ. ರಾತ್ರಿಯೆಲ್ಲಾ ನಿಂತು ತಣ್ಣಗಿರ್ಬೇಕು. ನೀನು ಕೀ ಮುಟ್ಟಬೇಡ. ನಾಳೆ ಆರಕ್ಕೆ ನಾನೇ ಬರ್ತೀನಿ."

ಮರುದಿನ ಕಾಂತರಾಜು ಎದ್ದು ಮುಖ ತೊಳೆದು, ಗಾಡಿಯೊಳಗಿನ ದೇವರಿಗೆ ಊದಿನಕಡ್ಡಿ ಹಚ್ಚಿ, ಕೀ ತಿರುಗಿಸಿಯೇಬಿಟ್ಟ. ಮೂವತ್ತು ವರ್ಷ ಪಳಗಿದ ಕೈ, ನೆನಪನ್ನು ಕೇಳಲಿಲ್ಲ. ಕೆಂಚಪ್ಪ ಬಂದವನು ಬಾನೆಟ್ ಮೇಲೆ ಅಂಗೈಯಿಟ್ಟ.

"ಮುಟ್ಟಬೇಡ ಅಂದ್ರೆ ಅದನ್ನೇ ಮಾಡ್ತೀಯಲ್ಲೋ!"

"ಮರ್ತೋಯ್ತು ಕೆಂಚಪ್ಪಣ್ಣ. ಕಾಫಿ ಆದ್ರೂ ಕುಡ್ಕೊಂಡು ಹೋಗಿ."

ಜಗಲಿಯ ಮೇಲೆ ಕೂತು ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಮದುವೆ ದಿಬ್ಬಣದ ಗಾಡಿ ದಾರಿಯಲ್ಲಿ ಕೆಟ್ಟು, ಮದುಮಗನೇ ಇಳಿದು ತಳ್ಳಿದ ಕಥೆ ಹೇಳಿ ಕೆಂಚಪ್ಪ ನಗಿಸಿದ. ತನ್ನ ನಗುವನ್ನು ತಾನೇ ಕೇಳಿ ಕಾಂತರಾಜುವಿಗೆ ಬೇರೆ ಯಾರದೋ ಎನ್ನಿಸಿತು. "ನಾಳೆ ಬರ್ತೀನಿ" ಎಂದು ಕೆಂಚಪ್ಪ ಹೋದ ಮೇಲೆ ಆ ಮಾತನ್ನೇ ನೆನೆದು ದಿನ ಕಳೆದ.

ಮಾರನೆಯ ದಿನ ಮರೆವಿರಲಿಲ್ಲ. ಐದು ಗಂಟೆಗೇ ಎದ್ದು, ಬೇಕೆಂದೇ ಎಂಜಿನ್ ಕಾಯಿಸಿ ಆರಿಸಿದ. ರೋಗ ಪತ್ತೆಯಾದರೆ ಕೆಂಚಪ್ಪ ಯಾಕೆ ಬರುತ್ತಾನೆ? ಆರಕ್ಕೆ ಬಂದವನು ಬಾನೆಟ್ ಮುಟ್ಟಿ, ಬೈಯದೆ ಕಾಫಿಗೆ ಕೂತ.

ಮೂರನೆಯ ದಿನವೂ ಐದಕ್ಕೇ ಕೀ ತಿರುಗಿಸಿದ. ಹೊಗೆಯ ಆಚೆಯಿಂದ ಕೆಮ್ಮು ಕೇಳಿಸಿತು. ಬಿಡದ ಕೆಮ್ಮು. ಅವನು ಎಂಜಿನ್ ಆರಿಸಿದ. ಹೊಗೆ ತಿಳಿಯಾದಂತೆ ಎದುರಿನ ಕಿಟಕಿ ಕಂಡಿತು, ಪೂರ್ತಿ ತೆರೆದಿತ್ತು. ಅದು ಮುಚ್ಚುವುದು ಐದೂಮುಕ್ಕಾಲಿಗೆ. ಒಳಗೆ ಅನಂತಲಕ್ಷ್ಮಿ ಮಂಚದ ಮೇಲೆ ಬಗ್ಗಿ ಕೂತು ಉಬ್ಬಸದ ಔಷಧಿಯ ಪಂಪು ಬಾಯಿಗಿಟ್ಟುಕೊಂಡು ಉಸಿರು ಹಿಡಿಯಲು ಒದ್ದಾಡುತ್ತಿದ್ದರು. ಸುಮಾರು ಹೊತ್ತಿನ ಮೇಲೆ ಕಿಟಕಿಯ ಹತ್ತಿರ ಬಂದರು.

"ಈಗೀಗ ಬೇಗ ಹೊರಡ್ತೀರೇನೋ. ನಂಗೆ ಗೊತ್ತಾಗ್ಲಿಲ್ಲ. ಹೇಳಿದ್ರೆ ರಾತ್ರಿನೇ ಹಾಕ್ಕೊಂಡು ಮಲಗ್ತಿದ್ದೆ."

ಕಿಟಕಿ ಮುಚ್ಚಿತು.

ಆರಕ್ಕೆ ಕೆಂಚಪ್ಪ ಬಂದಾಗ ಕಾಂತರಾಜು ಬಾಗಿಲಲ್ಲೇ ನಿಂತಿದ್ದ. "ನಾನೇ ಕಾಯಿಸಿದ್ದು ಅಣ್ಣ. ನಿನ್ನೇನೂ ನಾನೇ, ಬೇಕೂಂತ."

"ಗೊತ್ತು. ಈ ಚಳೀಲಿ ನಿಂತ ಗಾಡಿ ಮೇಲೆ ಇಬ್ಬನಿ ಕೂತಿರುತ್ತೆ. ನಿನ್ನ ಬಾನೆಟ್ ಮಾತ್ರ ಒಣಗಿತ್ತು."

"ಗೊತ್ತಿದ್ದೂ ಬಂದ್ರಾ?"

ಕೆಂಚಪ್ಪ ತಲೆ ಕೆರೆದುಕೊಂಡ. "ಕಾಫಿ ಚೆನ್ನಾಗಿ ಮಾಡ್ತೀಯ ಕಣಯ್ಯಾ" ಎಂದ. ಕುಡಿದು ಹೊರಡುವಾಗ, "ನಾಳೆ ಮುಟ್ಟಬೇಡ" ಎಂದ.

ಮಾರನೆಯ ಬೆಳಿಗ್ಗೆ ಬಾನೆಟ್ ಮೇಲೆ ಇಬ್ಬನಿ ಸಣ್ಣ ಸಣ್ಣ ಹನಿಯಾಗಿ ಕೂತಿತ್ತು. ಎದುರಿನ ಕಿಟಕಿ ಹಾಕಿದೆಯೇ ಎಂದು ಎರಡೆರಡು ಸಲ ನೋಡಿಕೊಂಡು ಕಾಂತರಾಜು ಕೀ ತಿರುಗಿಸಿದ. ಕೆಂಚಪ್ಪ ಸೈಲೆನ್ಸರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹೊಗೆಗೆ ಕೈಯೊಡ್ಡಿ, ಮೂಸಿ ನೋಡಿದ.

"ನೀಲಿ ಇದ್ದಿದ್ರೆ ಆಯಿಲ್ ಉರೀತಿದೆ ಅನ್ನಬಹುದಿತ್ತು, ಕಪ್ಪಗಿದ್ರೆ ಗಾಳಿ ಸಾಲ್ತಿಲ್ಲ ಅಂತ. ಇದು ಬಿಳಿ, ಹಸೀ ಡೀಸೆಲ್ ನಾತ. ರೇಡಿಯೇಟರ್ ನೀರು ಇಳಿದಿದೆಯಾ?"

"ಇಲ್ಲ ಅಣ್ಣ, ಹಾಕಿದಷ್ಟೇ ಇದೆ."

"ಹಾಗಾದ್ರೆ ನೀರು ಒಳಗೆ ಹೋಗ್ತಿಲ್ಲ. ತಣ್ಣಗಿದ್ದಾಗ ಡೀಸೆಲ್ಲಿಗೆ ಶಾಖ ಸಿಗ್ತಿಲ್ಲ, ಉರೀದೇ ಆಚೆ ಬರ್ತಿದೆ. ಹೀಟರ್ ಪ್ಲಗ್ ನೋಡೋಣ."

ಎಂಜಿನ್ ಆರಿಸಿ, ಬಲ್ಬು ಕಟ್ಟಿದ ತಂತಿಯನ್ನು ಒಂದೊಂದೇ ಪ್ಲಗ್ಗಿಗೆ ಮುಟ್ಟಿಸಿದ. ನಾಲ್ಕರಲ್ಲಿ ಎರಡಕ್ಕೆ ಬಲ್ಬು ಹತ್ತಲಿಲ್ಲ. ಹೊಸ ಎರಡು ತಂದು ಹಾಕಿ, ಕೈ ಒರೆಸಿಕೊಂಡು, "ಆ ಕಡೆ ಬಂದಾಗ ಬಾರಯ್ಯಾ" ಎಂದು ಹೊರಟ. ಕಾಂತರಾಜು ಹೂಂ ಅಂದ. ಕೆಲಸವಿಲ್ಲದೆ ಒಬ್ಬರಲ್ಲಿಗೆ ಹೋಗುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

ಮರುದಿನ ಆರಕ್ಕೆ ಗಾಡಿ ಕೆಮ್ಮದೆ ಸ್ಟಾರ್ಟ್ ಆಯಿತು. ಗಲ್ಲಿ ಕೊನೆಯವರೆಗೂ ತಿಳಿಯಾಗಿ ಕಾಣುತ್ತಿತ್ತು. ಎದುರಿನ ಕಿಟಕಿ ತೆರೆಯಿತು.

"ಅಯ್ಯೋ, ಸ್ಟಾರ್ಟ್ ಆಗಿದೆಯಾ? ಗೊತ್ತೇ ಆಗ್ಲಿಲ್ಲ ನೋಡಿ!" ಅನಂತಲಕ್ಷ್ಮಿ ಎದೆ ತುಂಬ ಉಸಿರೆಳೆದುಕೊಂಡರು. "ಇವತ್ತು ನಿಮ್ಮ ಮೆಕ್ಯಾನಿಕ್ಕು ಬರಲ್ವಾ?"

"ಇಲ್ಲ ಟೀಚರ್. ಕೆಲ್ಸ ಮುಗೀತು."

ಅವರು ಒಳಗೆ ಹೋದರು. ಕಿಟಕಿ ತೆರೆದೇ ಇತ್ತು. ಒಳಗಿನಿಂದ ರೇಡಿಯೋದ ದನಿ ಬಂತು.

ಮೂರು ದಿನದ ರೂಢಿಗೆ ಕೈ ಕಾಫಿಯನ್ನು ಇಬ್ಬರಿಗೆ ಬೆರೆಸಿತ್ತು. ಒಂದು ಲೋಟ ಕುಡಿದು ಇನ್ನೊಂದನ್ನು ಬಾನೆಟ್ ಮೇಲಿಟ್ಟ. ಹೊಗೆ ನಿಲ್ಲಲೆಂದು ಕಾಯುತ್ತಿದ್ದ ಆ ಎರಡು ಮೂರು ನಿಮಿಷ ಈಗ ಯಾವ ಕೆಲಸಕ್ಕೂ ಬೇಕಿರಲಿಲ್ಲ. ಆದರೂ ನಿಂತ. ಆಮೇಲೆ ಆರಿದ ಕಾಫಿಯನ್ನು ತಾನೇ ಕುಡಿದ. ಲೋಟವಿದ್ದಲ್ಲಿ ಇಬ್ಬನಿಯ ನಡುವೆ ದುಂಡನೆಯ ಗುರುತೊಂದು ಉಳಿದಿತ್ತು. ಗಾಡಿ ಮಾಗಡಿ ರಸ್ತೆಗೆ ಬರುವಷ್ಟರಲ್ಲಿ ಅದೂ ಒಣಗಿಹೋಯಿತು.