ಸುತ್ತಿಗೆಯ ಪಕ್ಕ

ನಾನು ಒಂದು ದಿಕ್ಸೂಚಿ. ಹಿತ್ತಾಳೆಯ ಮೈ, ಗಾಜಿನ ಮುಖ, ನಡುವೆ ಒಂದು ಮುಳ್ಳು. ಕಾರ್ಖಾನೆಯಲ್ಲಿ ಆ ಮುಳ್ಳನ್ನು ಮೊನೆಯ ಮೇಲೆ ಕೂರಿಸಿದ ಕ್ಷಣದಿಂದ ನಡುಗುತ್ತಲೇ ಇದ್ದೇನೆ. ನೋಡಿದವರು ಸೂಕ್ಷ್ಮ ಎಂದು ಹೊಗಳುತ್ತಾರೆ. ಸೂಕ್ಷ್ಮವೂ ಅಲ್ಲ, ಏನೂ ಅಲ್ಲ, ಬರೀ ಹೆದರಿಕೆ.

ನನ್ನ ಮೊದಲ ಯಜಮಾನರು ಧಾರವಾಡದಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಮುರಿಗೆಪ್ಪ ಮಾಸ್ತರು. ಬಂಡೆ ಒಡೆಯುವ ಸುತ್ತಿಗೆಯನ್ನು ಹತ್ತು ಹೆಜ್ಜೆ ಆಚೆ ಇಟ್ಟು ಬಂದೇ ಅವರು ನನ್ನನ್ನು ಕೈಗೆತ್ತಿಕೊಳ್ಳುತ್ತಿದ್ದರು. ಕಬ್ಬಿಣ ಹತ್ತಿರವಿದ್ದರೆ ನಾನು ಉತ್ತರವನ್ನು ಮರೆತು ಅದರತ್ತ ತಿರುಗಿಬಿಡುತ್ತೇನೆ. ನಿವೃತ್ತರಾದ ದಿನ ಅವರು ನನ್ನನ್ನು ಶಿಷ್ಯೆ ವಸುಮತಿಗೆ ಕೊಟ್ಟರು. "ಸುತ್ತಿಗಿ ದೂರ ಇಡೂದು ಮರೀಬ್ಯಾಡವಾ" ಎಂದರು.

ವಸುಮತಿ ನನ್ನನ್ನು ಹಿಮಾಲಯದ ಲಾಹೌಲ್ ಕಣಿವೆಗೆ ಒಯ್ದಳು. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಹಿಮ ಎಲ್ಲಿಯವರೆಗೆ ಹರಡಿತ್ತು ಎಂದು ನಕ್ಷೆ ಬರೆಯುವುದು ಅವಳ ಕೆಲಸ. ಹಿಮದ ರಾಶಿ ಜರುಗುವಾಗ ಬಂಡೆಗಳ ಮೇಲೆ ಗೀರು ಬಿದ್ದಿರುತ್ತವೆ. ಗೀರಿನ ದಿಕ್ಕನ್ನು ನಾನು ತೋರಿಸುತ್ತಿದ್ದೆ, ಅವಳು ಬರೆದುಕೊಳ್ಳುತ್ತಿದ್ದಳು. ಮೊದಮೊದಲು ಸುತ್ತಿಗೆ ದೂರವೇ ಇತ್ತು. ಆಮೇಲೆ ಚಳಿಗೆ ಬೆರಳು ಮರಗಟ್ಟಿದವು, ಅದು ಅವಳ ಸೊಂಟದ ಪಟ್ಟಿಯಲ್ಲೇ ಉಳಿಯಿತು. ನಾನು ತಪ್ಪು ತೋರಿಸುತ್ತಲೇ ಹೋದೆ. ಕೂಗಿ ಹೇಳೋಣವೆಂದರೆ ನನಗೆಲ್ಲಿ ಬಾಯಿ?

ಒಂಬತ್ತನೆಯ ದಿನ ಮಧ್ಯಾಹ್ನ ಹಿಮನದಿಯೊಂದನ್ನು ದಾಟುವಾಗ ಮೋಡ ಕವಿದು ಎದುರಿಗಿದ್ದದ್ದೂ ಕಾಣದಾಯಿತು. ದಾರಿ ತೋರಿಸಲು ಬಂದಿದ್ದ ಅಲ್ಲಿಯವನೇ ಆದ ನೋರ್ಬು ಎಡಕ್ಕೆ ಕೈ ಮಾಡಿದ. ವಸುಮತಿ ನನ್ನನ್ನು ಸೊಂಟದ ಬಳಿ ಹಿಡಿದು ನೋಡಿದಳು. "ಮಾಸ್ತರದು ಐತಿ ಇದು. ಎಂದೂ ಸುಳ್ಳ ಹೇಳಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಬಲಕ್ಕೆ ಹೊರಟಳು. ಅವಳು ನಂಬಿದ್ದು ಕಂಡು ನನಗೆ ಜೀವ ಹೋದಂತಾಯಿತು. ನೋರ್ಬು ಓಡಿ ಬಂದು ಅವಳ ಮುಂದೆ ಕೋಲು ಊರಿದ. ಹಿಮ ಕುಸಿಯಿತು. ಕೆಳಗೆ ನೀಲಿ ಬಿರುಕು, ತಳವೇ ಇಲ್ಲ.

ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿದ ಮೇಲೆ ಅವಳ ಕೈ ಸುತ್ತಿಗೆಗೆ ತಾಗಿತು. ತೆಗೆದು ನೋರ್ಬುವಿಗೆ ಕೊಟ್ಟು, ದೂರ ಹಿಡಿದುಕೊಳ್ಳಲು ಸನ್ನೆ ಮಾಡಿದಳು. ನಾನು ಸರ್ರನೆ ತಿರುಗಿದೆ.

"ಎಷ್ಟ ದಿನದಿಂದ ಹಿಂಗೈತೋ" ಎಂದಳು.

ಡೇರೆಯಲ್ಲಿ ಎಷ್ಟು ಯೋಚಿಸಿದರೂ ಸುತ್ತಿಗೆ ಸೊಂಟದಲ್ಲೇ ಉಳಿದದ್ದು ಯಾವ ದಿನದಿಂದ ಎಂದು ಅವಳಿಗೆ ನೆನಪಾಗಲಿಲ್ಲ. ಒಂಬತ್ತೂ ದಿನ ಬರೆದದ್ದನ್ನು ಹೊಡೆದುಹಾಕಿದಳು. ಮತ್ತೆ ಅಳೆಯುವಷ್ಟರಲ್ಲಿ ಹಿಮ ಬಿದ್ದು ಬಂಡೆಗಳು ಮುಚ್ಚಿದವು, ಮರುವರ್ಷ ಗುಡ್ಡ ಕುಸಿದು ದಾರಿಯೂ ಹೋಯಿತು.

ಈಗ ನಾನು ಕಾಲೇಜಿನ ಗಾಜಿನ ಕಪಾಟಿನಲ್ಲಿದ್ದೇನೆ. ಎದುರಿನ ಗೋಡೆಗೆ ಅವಳ ನಕ್ಷೆ ಇದೆ. ಹಳೆಯ ಹಿಮದ ಅಂಚನ್ನು ತೋರಿಸುವ ಗೆರೆ ಒಂದು ಕಡೆ ತುಂಡಾಗಿದೆ. ಅಲ್ಲಿ ಅವಳ ಕೈಬರಹದಲ್ಲಿ 'ಗೊತ್ತಿಲ್ಲ' ಎಂದಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಒಂದಿಷ್ಟು ಧೈರ್ಯ ಬರುತ್ತದೆ. ಆದರೆ ಕಪಾಟು ಜೋಡಿಸಿದವರು ಚಂದ ಕಾಣಲೆಂದು ಸುತ್ತಿಗೆಯನ್ನೂ ನನ್ನ ಪಕ್ಕದಲ್ಲೇ ಇಟ್ಟಿದ್ದಾರೆ. ವಿದ್ಯಾರ್ಥಿಗಳು ಬಗ್ಗಿ ನೋಡಿ, "ಉತ್ತರ ಈ ಕಡೆ ಐತಿ" ಎಂದು ಬರೆದುಕೊಂಡು ಹೋಗುತ್ತಾರೆ.